ರನ್ನರ್ ಔಟೋ ಸೇಫೋ: ಬೇಸ್ ಓಟದಲ್ಲಿ ಅಂಪೈರ್ ನಿಜವಾಗಿ ನೋಡೋದೇನು?

ಎಡಿಸನ್_ಅಪ್ಪ

ಎಲ್ಲರಿಗೂ ನಮಸ್ಕಾರ. ಮಗ ಇಲ್ಲಿ ನ್ಯೂಜೆರ್ಸಿಯಲ್ಲಿ ಲಿಟಲ್ ಲೀಗ್ (ಮಕ್ಕಳ ಬೇಸ್‌ಬಾಲ್) ಆಡುತ್ತಾನೆ. ನಾನು ಕ್ರಿಕೆಟ್ ನೋಡಿಕೊಂಡು ಬೆಳೆದವನು. ಸ್ಟ್ರೈಕ್, ಬಾಲ್, ಫೌಲ್ ಎಲ್ಲ ಈಗ ಅರ್ಥವಾಗುತ್ತೆ. ಆದರೆ ಬೇಸ್ ಓಟದ ತೀರ್ಪುಗಳು ಮಾತ್ರ ತಲೆಗೆ ಹತ್ತುತ್ತಿಲ್ಲ.

ಹೋದ ಶನಿವಾರ ಎದುರು ತಂಡದ ಹುಡುಗ ಎರಡನೇ ಬೇಸ್ ದಾಟಿ ಮೂರನೇ ಬೇಸ್ ಕಡೆ ಓಡುವಾಗ ಹೊರಗಿನ ಹುಲ್ಲಿನ ತನಕ ದೊಡ್ಡ ಸುತ್ತು ಹಾಕಿದ. ನಮ್ಮ ಕಡೆಯ ಪೋಷಕರೆಲ್ಲ "ಬೇಸ್‌ಲೈನ್ ಬಿಟ್ಟ, ಬೇಸ್‌ಲೈನ್ ಬಿಟ್ಟ" ಅಂತ ಕೂಗಿದರು. ಅಂಪೈರ್ ಎರಡೂ ಕೈ ಚಾಚಿ ಸೇಫ್ ಅಂದರು. ಮುಂದಿನ ಇನ್ನಿಂಗ್‌ನಲ್ಲಿ ನಮ್ಮ ಹುಡುಗನೊಬ್ಬ ಫೀಲ್ಡರ್ ಕೈಯಿಂದ ತಪ್ಪಿಸಿಕೊಳ್ಳೋಕೆ ಎರಡು ಹೆಜ್ಜೆ ಪಕ್ಕಕ್ಕೆ ಹೋದ ಅಷ್ಟೇ, ಅವನನ್ನು ಅದೇ ಅಂಪೈರ್ ಔಟ್ ಕೊಟ್ಟರು. ಇದು ಅವರ ಇಷ್ಟಕ್ಕೆ ಬಿಟ್ಟ ವಿಷಯವಾ? ಅಥವಾ ಇದಕ್ಕೊಂದು ಲೆಕ್ಕ ಇದೆಯಾ? ಗೊತ್ತಿರುವವರು ಬಿಡಿಸಿ ಹೇಳಿ.

ಪ್ಲೇಟ್_ಹಿಂದೆ

ನಾನು ಇಲ್ಲಿ ವಾರಾಂತ್ಯದಲ್ಲಿ ಮಕ್ಕಳ ಪಂದ್ಯಗಳಿಗೆ ಅಂಪೈರಿಂಗ್ ಮಾಡುತ್ತೇನೆ. ನೀವು ಹೇಳಿದ್ದನ್ನು ನೋಡಿದರೆ ಎರಡೂ ತೀರ್ಪು ಸರಿಯೇ ಅನ್ನಿಸುತ್ತೆ.

ಎರಡು ಬೇಸ್‌ಗಳ ನಡುವೆ ರನ್ನರ್ ಓಡಲೇಬೇಕಾದ ದಾರಿ ಅಂತ ಒಂದಿಲ್ಲ. ಅವನು ಎಲ್ಲಿ ಬೇಕಾದರೂ ಓಡಬಹುದು, ಹುಲ್ಲಿನ ಮೇಲೂ ಓಡಬಹುದು. ನಿಯಮ ಶುರುವಾಗೋದು ಫೀಲ್ಡರ್ ಚೆಂಡು ಹಿಡಿದು ಟ್ಯಾಗ್ ಮಾಡಲು (ಚೆಂಡಿರುವ ಕೈಯಿಂದ ರನ್ನರ್‌ನನ್ನು ಮುಟ್ಟಿ ಔಟ್ ಮಾಡಲು) ಹೊರಟ ಕ್ಷಣದಲ್ಲಿ. ಆ ಕ್ಷಣದಲ್ಲಿ ರನ್ನರ್ ಎಲ್ಲಿದ್ದಾನೋ, ಅಲ್ಲಿಂದ ಅವನು ಮುಟ್ಟಬೇಕಾದ ಬೇಸ್‌ಗೆ ಅಂಪೈರ್ ಮನಸ್ಸಿನಲ್ಲೇ ಒಂದು ನೇರ ಗೆರೆ ಎಳೆಯುತ್ತಾರೆ. ಟ್ಯಾಗ್ ತಪ್ಪಿಸಿಕೊಳ್ಳೋಕೆ ಆ ಗೆರೆಯಿಂದ 3 ಅಡಿಗಿಂತ ಜಾಸ್ತಿ ಆಚೆ ಹೋದರೆ ಔಟ್. ಮೈದಾನದಲ್ಲಿ ಬಳಿದ ಸುಣ್ಣದ ಗೆರೆಗೂ ಇದಕ್ಕೂ ಸಂಬಂಧವೇ ಇಲ್ಲ.

ಮೊದಲನೇ ಹುಡುಗನ ಹತ್ತಿರ ಚೆಂಡು ಹಿಡಿದ ಫೀಲ್ಡರ್ ಯಾರೂ ಇರಲಿಲ್ಲ ಅಲ್ವಾ? ಹಾಗಿದ್ದರೆ ಅವನು ಎಷ್ಟು ಸುತ್ತಿದರೂ ನಷ್ಟ ಅವನಿಗೇ, ದೂರ ಜಾಸ್ತಿಯಾಯಿತು ಅಷ್ಟೇ. ನಿಮ್ಮ ಹುಡುಗನ ಎದುರು ಚೆಂಡು ಹಿಡಿದವನು ಕೈ ಚಾಚಿದ್ದ. ಅಲ್ಲಿಂದ 3 ಅಡಿಯ ಲೆಕ್ಕ ಶುರು.

ನಾವು ಇದನ್ನು ನೋಡೋ ರೀತಿ ಹೇಳುತ್ತೇನೆ. ರನ್ನರ್ ಎರಡು ಫೀಲ್ಡರ್‌ಗಳ ನಡುವೆ ಸಿಕ್ಕಿಬಿದ್ದಾಗ ನನ್ನ ಕಣ್ಣು ಚೆಂಡಿನ ಮೇಲೆ ಇರುವುದಿಲ್ಲ, ಚೆಂಡು ಹಿಡಿದವನ ಮೊಣಕೈ ಮೇಲೆ ಇರುತ್ತೆ. ಮಡಚಿದ ಮೊಣಕೈ ಬಿಚ್ಚಿ ಗ್ಲೌಸ್ ರನ್ನರ್ ಕಡೆ ಹೊರಟಿತೋ, ಆಗ ರನ್ನರ್ ಕಾಲು ಎಲ್ಲಿತ್ತು ಅನ್ನೋದನ್ನು ಹಿಡಿದಿಟ್ಟುಕೊಳ್ಳುತ್ತೇನೆ. ದೊಡ್ಡವನೊಬ್ಬ ಕೈ ಪೂರ್ತಿ ಚಾಚಿ ಒಂದು ಹೆಜ್ಜೆ ಹಾಕಿಯೂ ಎಟುಕಲಿಲ್ಲ ಅಂದರೆ ಸಾಮಾನ್ಯವಾಗಿ 3 ಅಡಿ ದಾಟಿರುತ್ತೆ. ಮಕ್ಕಳ ಕೈ ಚಿಕ್ಕದು, ಅಲ್ಲಿ ಆ ಅಂದಾಜು ನಡೆಯಲ್ಲ.

ಇಲ್ಲಿ ಒಂದು ವಿನಾಯಿತಿ ಇದೆ. ಬ್ಯಾಟರ್ ಹೊಡೆದ ಚೆಂಡನ್ನು ಹಿಡಿಯುತ್ತಿರುವ ಫೀಲ್ಡರ್ ಅಡ್ಡ ಬಂದರೆ ರನ್ನರ್ ಸುತ್ತಿಕೊಂಡೇ ಹೋಗಬೇಕು. ಆಗ 3 ಅಡಿ ದಾಟಿದರೂ ಔಟ್ ಇಲ್ಲ.

ಹೂಸ್ಟನ್_ಹುಡುಗ

ಹಾಗಾದರೆ 2019ರ ವರ್ಲ್ಡ್ ಸೀರೀಸ್ (ಸೀಸನ್ ಕೊನೆಯ ಫೈನಲ್ ಸರಣಿ) 6ನೇ ಪಂದ್ಯದಲ್ಲಿ ಟ್ರೇ ಟರ್ನರ್ ಯಾಕೆ ಔಟ್? ಅವನ ಓಟ ನೇರವಾಗಿಯೇ ಇತ್ತಲ್ಲ. ನಾನು ಆಸ್ಟ್ರೋಸ್ ಅಭಿಮಾನಿ. ತೀರ್ಪು ನಮ್ಮ ಪರ ಬಂದರೂ ಇವತ್ತಿಗೂ ಮನಸ್ಸು ಒಪ್ಪಲ್ಲ.

ಗೊತ್ತಿಲ್ಲದವರಿಗೆ: 7ನೇ ಇನ್ನಿಂಗ್, ವಾಷಿಂಗ್ಟನ್ ನ್ಯಾಷನಲ್ಸ್ 3-2 ಮುಂದೆ. ಯಾನ್ ಗೋಮ್ಸ್ ಮೊದಲ ಬೇಸ್‌ನಲ್ಲಿ. ಟರ್ನರ್ ಹೊಡೆದ ಚೆಂಡು ಮೆಲ್ಲಗೆ ಉರುಳಿ ಬಂತು. ಪಿಚರ್ ಬ್ರಾಡ್ ಪೀಕಾಕ್ ಎತ್ತಿ ಮೊದಲ ಬೇಸ್‌ಗೆ ಎಸೆದ. ಅಲ್ಲಿ ನಿಂತಿದ್ದ ನಮ್ಮ ಯೂಲಿ ಗುರಿಯೆಲ್ ಗ್ಲೌಸ್ ಚಾಚಿದ ಕಡೆಯೇ ಟರ್ನರ್ ಬಂದ. ಗ್ಲೌಸ್ ಕಿತ್ತು ಬಂತು, ಚೆಂಡು ಹಾರಿ ಹೋಯಿತು. ಗೋಮ್ಸ್ ಮೂರನೇ ಬೇಸ್, ಟರ್ನರ್ ಎರಡನೇ ಬೇಸ್. ಪ್ಲೇಟ್ ಅಂಪೈರ್ ಸ್ಯಾಮ್ ಹೋಲ್‌ಬ್ರೂಕ್ ಟರ್ನರ್‌ನನ್ನು ಔಟ್ ಕೊಟ್ಟು ಗೋಮ್ಸ್‌ನನ್ನು ಮೊದಲ ಬೇಸ್‌ಗೆ ವಾಪಸ್ ಕಳಿಸಿದರು. ಆಟ ನಾಲ್ಕು ನಿಮಿಷಕ್ಕೂ ಜಾಸ್ತಿ ನಿಂತಿತ್ತು.

ಪ್ಲೇಟ್_ಹಿಂದೆ

ಅದು ಬೇರೆಯೇ ನಿಯಮ. ಬ್ಯಾಟರ್ ನಿಂತು ಹೊಡೆಯುವ, ರನ್ ಮಾಡೋಕೆ ಕೊನೆಗೆ ಮುಟ್ಟಬೇಕಾದ ಹೋಮ್ ಪ್ಲೇಟ್‌ನಿಂದ ಮೊದಲ ಬೇಸ್‌ಗೆ 90 ಅಡಿ. ಕೊನೆಯ 45 ಅಡಿಗೆ ಫೌಲ್ ಗೆರೆಯ ಬಲಕ್ಕೆ 3 ಅಡಿ ಅಗಲದ ಓಣಿಯೊಂದನ್ನು ಗೆರೆ ಹಾಕಿ ತೋರಿಸಿರುತ್ತಾರೆ. ಮೊದಲ ಬೇಸ್‌ಗೆ ಥ್ರೋ ಬರುತ್ತಿದ್ದಾಗ ಬ್ಯಾಟರ್ ಆ ಓಣಿಯ ಹೊರಗೆ ಓಡಿ, ಥ್ರೋ ಹಿಡಿಯುವವನಿಗೆ ಅಡ್ಡಿ ಮಾಡಿದರೆ ಔಟ್.

ಗಮನಿಸಿ, ಓಣಿಯ ಹೊರಗೆ ಓಡೋದೇ ತಪ್ಪಲ್ಲ. ಹೊರಗಿದ್ದು ಅಡ್ಡಿಯಾಗಬೇಕು. ಬೇಕು ಅಂತಲೇ ಅಡ್ಡ ಬಂದನಾ ಅನ್ನೋದನ್ನು ಇಲ್ಲಿ ಯಾರೂ ಕೇಳಲ್ಲ. ಹೋಲ್‌ಬ್ರೂಕ್ ಎರಡೇ ಪ್ರಶ್ನೆ ಕೇಳಿಕೊಳ್ಳಬೇಕಿತ್ತು. ಓಣಿಯ ಹೊರಗಿದ್ದನಾ? ಹೌದು, ಟರ್ನರ್ ಪೂರ್ತಿ ಎಡಗಡೆಯೇ ಓಡಿದ. ಅಡ್ಡಿಯಾಯಿತಾ? ಗ್ಲೌಸೇ ಕಳಚಿ ಬಿತ್ತು. ಬರೆದಿದ್ದ ನಿಯಮದ ಪ್ರಕಾರ ತೀರ್ಪು ಸರಿ.

ಮೂರನೇ_ಬೇಸ್_ಅಕ್ಕ

ತೀರ್ಪು ಸರಿ ಇರಬಹುದು, ನಿಯಮ ಸರಿ ಇರಲಿಲ್ಲ. ನಾನು ಮಕ್ಕಳಿಗೆ ಕೋಚಿಂಗ್ ಮಾಡುವವಳು. ಮೊದಲ ಬೇಸ್‌ನ ಬ್ಯಾಗ್ ಇರೋದು ಫೌಲ್ ಗೆರೆಯ ಒಳಗೆ, ಓಣಿ ಇರೋದು ಗೆರೆಯ ಹೊರಗೆ. ಅಂದರೆ ಮುಟ್ಟಬೇಕಾದ ಬ್ಯಾಗ್ ಒಂದು ಕಡೆ, ಓಡಬೇಕಾದ ದಾರಿ ಇನ್ನೊಂದು ಕಡೆ. ಜೊತೆಗೆ ಬಲಗೈ ಬ್ಯಾಟರ್ ನಿಲ್ಲೋದು ಪ್ಲೇಟಿನ ಎಡಗಡೆ. ಅವನು ನಿಂತಲ್ಲಿಂದ ಬ್ಯಾಗ್ ಕಡೆ ಸೀದಾ ಓಡಿದರೆ ಗೆರೆಯ ಒಳಗೇ ಇರುತ್ತಾನೆ. ಟರ್ನರ್ ಮಾಡಿದ್ದೂ ಅಷ್ಟೇ. ಕೊನೆಯ ಹೆಜ್ಜೆಯಲ್ಲಿ ಬ್ಯಾಗ್ ಮುಟ್ಟೋಕೆ ಓಣಿಯಿಂದ ಹೊರಬರಬಹುದು ಅಂತ ನಿಯಮದಲ್ಲೇ ಇದೆ, ಆದರೆ ಮೊದಲಿನಿಂದ ಒಳಗೇ ಓಡಿದವನಿಗೆ ಆ ರಿಯಾಯಿತಿ ಸಿಗಲ್ಲ.

ಸಮಾಧಾನದ ವಿಷಯ ಏನಂದರೆ 2024ರಲ್ಲಿ ಎಂಎಲ್‌ಬಿ (ಅಮೆರಿಕದ ವೃತ್ತಿಪರ ಲೀಗ್) ಇದನ್ನು ಬದಲಿಸಿತು. ಈಗ ಫೌಲ್ ಗೆರೆಯಿಂದ ಒಳಗಿನ ಹುಲ್ಲಿನ ಅಂಚಿನ ತನಕ ಇರುವ ಮಣ್ಣಿನ ಪಟ್ಟಿಯೂ ಓಣಿಗೆ ಸೇರಿದೆ. ಆ ಪಟ್ಟಿ 18ರಿಂದ 24 ಇಂಚು ಅಗಲ. ಬಲಗೈ ಬ್ಯಾಟರ್‌ಗಳಿಗೆ ಇದು ಎಷ್ಟೋ ವರ್ಷದ ಹಿಂದೆಯೇ ಸಿಗಬೇಕಿತ್ತು.

ಹೂಸ್ಟನ್_ಹುಡುಗ

ಅಕ್ಕ, ಹುಲ್ಲಿನ ಅಂಚು ಅಂದಾಗ ಒಂದು ಒಳ್ಳೇದಾಯಿತು. ಅಂಪೈರ್ ಗೆರೆ ಹುಡುಕಬೇಕಾಗಿಲ್ಲ. ಕಾಲು ಮಣ್ಣಿನ ಮೇಲಿದೆಯಾ, ಹುಲ್ಲಿನ ಮೇಲಿದೆಯಾ ನೋಡಿದರೆ ಸಾಕು.

ಬಾಸ್ಟನ್_ಚಳಿ

ಬೇಕು ಅಂತ ಮಾಡಿದನಾ ಅನ್ನೋದು ಲೆಕ್ಕಕ್ಕಿಲ್ಲ ಅಂದಿರಿ. ನನಗೆ 2013ರ ಅಕ್ಟೋಬರ್ 26 ನೆನಪಾಯಿತು. ರೆಡ್ ಸಾಕ್ಸ್ ಮತ್ತು ಕಾರ್ಡಿನಲ್ಸ್, ವರ್ಲ್ಡ್ ಸೀರೀಸ್ 3ನೇ ಪಂದ್ಯ, ಸೇಂಟ್ ಲೂಯಿಸ್. 9ನೇ ಇನ್ನಿಂಗ್, 4-4. ಯಾಡಿಯರ್ ಮೊಲೀನಾ ಮೂರನೇ ಬೇಸ್‌ನಲ್ಲಿ, ಆಲನ್ ಕ್ರೇಗ್ ಎರಡನೇ ಬೇಸ್‌ನಲ್ಲಿ. ನಮ್ಮ ರೆಡ್ ಸಾಕ್ಸ್‌ನ ಪೆಡ್ರೋಯಾ ಚೆಂಡು ತಡೆದು ಹೋಮ್‌ಗೆ ಎಸೆದ, ಮೊಲೀನಾ ಔಟ್. ಕ್ರೇಗ್‌ನನ್ನೂ ಔಟ್ ಮಾಡೋಣ ಅಂತ ಕ್ಯಾಚರ್ ಸಾಲ್ಟಲಮಾಕಿಯಾ ಮೂರನೇ ಬೇಸ್‌ಗೆ ಎಸೆದ. ಅದು ಗುರಿ ತಪ್ಪಿತು. ಹಿಡಿಯೋಕೆ ಹಾರಿದ ವಿಲ್ ಮಿಡಲ್‌ಬ್ರೂಕ್ಸ್ ನೆಲಕ್ಕೆ ಬಿದ್ದ. ಎದ್ದು ಓಡೋಕೆ ಹೋದ ಕ್ರೇಗ್ ಅವನ ಮೇಲೆ ಎಡವಿ ಬಿದ್ದ. ಆಮೇಲೆ ಎಡ ಮೈದಾನದಿಂದ ನಾವಾ ಎಸೆದ ಚೆಂಡು ಕ್ರೇಗ್‌ಗಿಂತ ಮುಂಚೆ ಬಂತು, ಟ್ಯಾಗ್ ಕೂಡ ಆಯಿತು. ಆದರೂ ಸೇಫ್, ಪಂದ್ಯ 5-4ಕ್ಕೆ ಮುಗೀತು.

ಮಿಡಲ್‌ಬ್ರೂಕ್ಸ್ ಎಲ್ಲಿಗೆ ಹೋಗಬೇಕಿತ್ತು ಹೇಳಿ? ಮಾಯವಾಗೋಕೆ ಆಗುತ್ತಾ? ಸೀರೀಸ್ ನಾವೇ ಗೆದ್ದೆವು, ಆದರೂ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಪ್ಲೇಟ್_ಹಿಂದೆ

ನಿಮ್ಮ ಸಂಕಟ ಅರ್ಥವಾಗುತ್ತೆ. ಆದರೆ ನನ್ನ ಪ್ರಕಾರ ಅದು ವರ್ಲ್ಡ್ ಸೀರೀಸ್‌ನಲ್ಲಿ ಕಂಡ ಅತ್ಯುತ್ತಮ ತೀರ್ಪುಗಳಲ್ಲಿ ಒಂದು. ಸ್ವಲ್ಪ ಉದ್ದವಾಗಿ ಬರೆಯುತ್ತೇನೆ.

ಫೀಲ್ಡರ್ ಕೈಯಲ್ಲಿ ಚೆಂಡು ಇಲ್ಲದಿದ್ದಾಗ, ಚೆಂಡು ಹಿಡಿಯುವ ಕೆಲಸದಲ್ಲೂ ಇಲ್ಲದಿದ್ದಾಗ, ರನ್ನರ್‌ಗೆ ಅಡ್ಡಿಯಾದರೆ ಅದು ಅಬ್‌ಸ್ಟ್ರಕ್ಷನ್. ಮಿಡಲ್‌ಬ್ರೂಕ್ಸ್ ಚೆಂಡಿಗೆ ಹಾರಿದ್ದು ಸರಿ. ಆದರೆ ಚೆಂಡು ಅವನನ್ನು ದಾಟಿದ ಕ್ಷಣಕ್ಕೆ ಆ ರಕ್ಷಣೆ ಮುಗೀತು. ರೂಲ್‌ಬುಕ್‌ನಲ್ಲಿ ಹೆಚ್ಚುಕಮ್ಮಿ ಇದೇ ಉದಾಹರಣೆ ಇದೆ: ಫೀಲ್ಡರ್ ಚೆಂಡಿಗೆ ಹಾರಿ, ಚೆಂಡು ತಪ್ಪಿ, ನೆಲದ ಮೇಲೆ ಬಿದ್ದಿರುವಾಗ ರನ್ನರ್‌ಗೆ ತಡವಾದರೆ ಅದು ಬಹುತೇಕ ಅಬ್‌ಸ್ಟ್ರಕ್ಷನ್ನೇ. ಎಲ್ಲಿಗೆ ಹೋಗಬೇಕಿತ್ತು ಅನ್ನೋ ಪ್ರಶ್ನೆಗೆ ನಿಯಮದಲ್ಲಿ ಜಾಗವೇ ಇಲ್ಲ. ಕ್ರೇಗ್ ಕೂಡ ಎಲ್ಲಿಗೆ ಹೋಗಬೇಕಿತ್ತು? ಇಬ್ಬರದ್ದೂ ತಪ್ಪಿಲ್ಲದಿದ್ದಾಗ ನಷ್ಟ ಯಾರು ಹೊರಬೇಕು ಅನ್ನೋದನ್ನು ನಿಯಮ ಮೊದಲೇ ತೀರ್ಮಾನ ಮಾಡಿಟ್ಟಿದೆ. ಚೆಂಡು ಇಲ್ಲದ ಫೀಲ್ಡರ್ ಹೊರಬೇಕು.

ಈಗ ಅಂಪೈರ್‌ಗಳು ಮಾಡಿದ್ದನ್ನು ನೋಡಿ. ಮೂರನೇ ಬೇಸ್ ಅಂಪೈರ್ ಜಿಮ್ ಜಾಯ್ಸ್ ಎಡವಿದ ತಕ್ಷಣ ಮಿಡಲ್‌ಬ್ರೂಕ್ಸ್ ಕಡೆ ಕೈ ತೋರಿಸಿದರು. ಆಟ ನಿಲ್ಲಿಸಲಿಲ್ಲ. ಆ ಕ್ಷಣ ಕ್ರೇಗ್‌ನನ್ನು ಔಟ್ ಮಾಡುವ ಪ್ರಯತ್ನ ನಡೀತಿರಲಿಲ್ಲ, ಹಾಗಾಗಿ ಆಟ ಮುಂದುವರಿಯಬೇಕು. ಎಲ್ಲ ಮುಗಿದ ಮೇಲೆ ಒಂದೇ ಪ್ರಶ್ನೆ: ಅಡ್ಡಿ ಇಲ್ಲದಿದ್ದರೆ ಇವನು ಹೋಮ್ ಮುಟ್ಟುತ್ತಿದ್ದನಾ? ಕ್ರೇಗ್‌ಗೆ ಪ್ಲೇಟ್‌ನಲ್ಲಿ ಟ್ಯಾಗ್ ಆಗಿದ್ದು ಕೂದಲೆಳೆ ಅಂತರದಲ್ಲಿ. ಎಡವಿ ಬಿದ್ದು ಎದ್ದಿದ್ದಕ್ಕೆ ಅದಕ್ಕಿಂತ ಎಷ್ಟೋ ಜಾಸ್ತಿ ಹೊತ್ತು ಹೋಗಿತ್ತು. ಪ್ಲೇಟ್ ಅಂಪೈರ್ ಡೇನಾ ಡೆಮೂತ್ ಜಾಯ್ಸ್ ಸನ್ನೆ ನೋಡಿದ್ದರು, ಸೇಫ್ ಅಂದು ಮೂರನೇ ಬೇಸ್ ಕಡೆ ಬೆರಳು ತೋರಿಸಿದರು. ಇಡೀ ಮೈದಾನ ಕಿರುಚುತ್ತಿರುವಾಗ ಇಬ್ಬರೂ ಒಂದೇ ಲೆಕ್ಕದಲ್ಲಿ ಇದ್ದರು. ಹೊಸಬರಿಗೆ ತರಬೇತಿ ಕೊಡುವಾಗ ನಾನು ಈ ವಿಡಿಯೋವನ್ನೇ ತೋರಿಸೋದು.

ಬಾಸ್ಟನ್_ಚಳಿ

ನಷ್ಟ ಯಾರು ಹೊರಬೇಕು ಅನ್ನೋ ದೃಷ್ಟಿಯಿಂದ ನಾನು ಯೋಚನೆ ಮಾಡಿರಲಿಲ್ಲ. ಒಪ್ಪುತ್ತೇನೆ. ಆದರೆ 2004ರಲ್ಲಿ ಯಾಂಕೀಸ್‌ನ ಅಲೆಕ್ಸ್ ರಾಡ್ರಿಗಸ್ ವಿಷಯದಲ್ಲಿ ಉದ್ದೇಶವನ್ನೇ ನೋಡಿದರಲ್ಲ? ಎಎಲ್‌ಸಿಎಸ್ (ಅಮೆರಿಕನ್ ಲೀಗ್ ಫೈನಲ್ ಸರಣಿ) 6ನೇ ಪಂದ್ಯ, ಯಾಂಕೀ ಸ್ಟೇಡಿಯಂ. ನಮ್ಮ ಬ್ರಾನ್ಸನ್ ಅರೋಯೋ ಟ್ಯಾಗ್ ಮಾಡೋಕೆ ಹೋದಾಗ ಅವನು ಗ್ಲೌಸ್ ಮೇಲೆ ಕೈಯಿಂದ ಹೊಡೆದು ಚೆಂಡು ಬೀಳಿಸಿದ. ಮೊದಲು ಸೇಫ್ ಅಂದರು. ಅಂಪೈರ್‌ಗಳೆಲ್ಲ ಸೇರಿ ಮಾತಾಡಿ ಔಟ್ ಕೊಟ್ಟರು. ಹೋಮ್ ಮುಟ್ಟಿದ್ದ ಜೀಟರ್‌ನನ್ನು ಮೊದಲ ಬೇಸ್‌ಗೆ ಕಳಿಸಿದರು.

ಹಳೇ_ಸ್ಕೋರ್‌ಬುಕ್

ಇಲ್ಲೇ ಇರೋದು ಮುಖ್ಯ ಗಂಟು. ಹೊಡೆದ ಚೆಂಡು, ಎಸೆದ ಚೆಂಡು, ಎರಡಕ್ಕೂ ನಿಯಮ ಬೇರೆ.

ಬ್ಯಾಟರ್ ಹೊಡೆದ ಚೆಂಡನ್ನು ಫೀಲ್ಡರ್ ಹಿಡಿಯುತ್ತಿದ್ದರೆ ಜಾಗ ಫೀಲ್ಡರ್‌ದು. ರನ್ನರ್ ತಪ್ಪಿಸಿಕೊಂಡು ಹೋಗಬೇಕು. ಗೊತ್ತಿಲ್ಲದೆ ಡಿಕ್ಕಿ ಹೊಡೆದರೂ ಔಟ್. 2024ರ ಮೇ 23ರಂದು ಚಿಕಾಗೋದಲ್ಲಿ ವೈಟ್ ಸಾಕ್ಸ್ ಮತ್ತು ಓರಿಯೋಲ್ಸ್ ಪಂದ್ಯ ಮುಗಿದಿದ್ದೇ ಹೀಗೆ. 9ನೇ ಇನ್ನಿಂಗ್‌ನಲ್ಲಿ ಚೆಂಡು ಇನ್‌ಫೀಲ್ಡ್ ಮೇಲೆ ಎತ್ತರಕ್ಕೆ ಹೋಯಿತು. ಇನ್‌ಫೀಲ್ಡ್ ಫ್ಲೈ (ಸುಲಭದ ಕ್ಯಾಚ್ ಅಂತ ಹಿಡಿಯುವ ಮುಂಚೆಯೇ ಔಟ್ ಕೊಡುವ ನಿಯಮ) ಅಂತ ಘೋಷಣೆ ಆಯಿತು, ಬ್ಯಾಟರ್ ಔಟ್. ಎರಡನೇ ಬೇಸ್‌ಗೆ ವಾಪಸ್ ನಡೆಯುತ್ತಿದ್ದ ಆಂಡ್ರೂ ವಾನ್, ಚೆಂಡಿನ ಕೆಳಗೆ ಬರುತ್ತಿದ್ದ ಶಾರ್ಟ್‌ಸ್ಟಾಪ್ (ಎರಡನೇ, ಮೂರನೇ ಬೇಸ್ ನಡುವಿನ ಫೀಲ್ಡರ್) ಗನ್ನರ್ ಹೆಂಡರ್ಸನ್ ದಾರಿಯಲ್ಲಿದ್ದ. ಹೆಂಡರ್ಸನ್ ಆರಾಮಾಗಿಯೇ ಕ್ಯಾಚ್ ಹಿಡಿದ. ಆದರೂ ಅಂಪೈರ್ ವಾನ್‌ನನ್ನೂ ಔಟ್ ಕೊಟ್ಟರು, 8-6ಕ್ಕೆ ಪಂದ್ಯ ಮುಕ್ತಾಯ.

ಎಸೆದ ಚೆಂಡಿನ ವಿಷಯದಲ್ಲಿ ಹಾಗಲ್ಲ. ಮೊದಲ ಬೇಸ್ ಓಣಿಯ ನಿಯಮ ಬಿಟ್ಟರೆ, ರನ್ನರ್ ಬೇಕು ಅಂತಲೇ ಅಡ್ಡ ಬಂದರೆ ಮಾತ್ರ ತಪ್ಪು. 1978ರ ವರ್ಲ್ಡ್ ಸೀರೀಸ್ 4ನೇ ಪಂದ್ಯ ನೋಡಿ. ಡಾಡ್ಜರ್ಸ್ ಶಾರ್ಟ್‌ಸ್ಟಾಪ್ ಬಿಲ್ ರಸೆಲ್ ಎರಡನೇ ಬೇಸ್ ಮೆಟ್ಟಿ ಯಾಂಕೀಸ್‌ನ ರೆಗ್ಗಿ ಜ್ಯಾಕ್ಸನ್‌ನನ್ನು ಔಟ್ ಮಾಡಿ ಮೊದಲ ಬೇಸ್‌ಗೆ ಎಸೆದ. ಜ್ಯಾಕ್ಸನ್ ದಾರಿ ಮಧ್ಯೆ ನಿಂತೇ ಇದ್ದ. ಚೆಂಡು ಅವನ ಸೊಂಟಕ್ಕೆ ಬಡಿದು ಎಲ್ಲೋ ಹೋಯಿತು, ಥರ್ಮನ್ ಮನ್ಸನ್ ಓಡಿ ಬಂದು ರನ್ ಮಾಡಿದ. ಸೊಂಟ ಸ್ವಲ್ಪ ಚೆಂಡಿನ ಕಡೆ ವಾಲಿದ್ದು ವಿಡಿಯೋದಲ್ಲಿ ಕಾಣುತ್ತೆ. ಡಾಡ್ಜರ್ಸ್ ಮ್ಯಾನೇಜರ್ ಟಾಮಿ ಲಸೋರ್ಡಾ ಬಂದು ಜಗಳ ಆಡಿದರು. ಮೊದಲ ಬೇಸ್ ಅಂಪೈರ್ ಫ್ರಾಂಕ್ ಪುಲ್ಲಿ ಅದನ್ನು ಬೇಕಂತ ಮಾಡಿದ್ದು ಅಂತ ಒಪ್ಪಲಿಲ್ಲ. ಯಾಂಕೀಸ್ 10ನೇ ಇನ್ನಿಂಗ್‌ನಲ್ಲಿ 4-3ಕ್ಕೆ ಗೆದ್ದರು.

ರಾಡ್ರಿಗಸ್ ಕೈ ಬೀಸಿ ಹೊಡೆದ, ಅದರಲ್ಲಿ ಸಂಶಯಕ್ಕೆ ಜಾಗ ಇರಲಿಲ್ಲ. ಸೊಂಟದ ಬಗ್ಗೆ ಇವತ್ತಿಗೂ ಜನ ಎರಡು ಮಾತಾಡುತ್ತಾರೆ. ನನ್ನ ಮಟ್ಟಿಗೆ ಪುಲ್ಲಿ ತಪ್ಪು ಮಾಡಿದರು.

ಎಡಿಸನ್_ಅಪ್ಪ

ಇಷ್ಟೆಲ್ಲ ಕ್ಯಾಮೆರಾ ಇರುವಾಗ ಇದನ್ನು ರೀಪ್ಲೇಗೆ ಯಾಕೆ ಬಿಡಬಾರದು?

ಪ್ಲೇಟ್_ಹಿಂದೆ

2014ರಿಂದ ರೀಪ್ಲೇ ವ್ಯಾಪ್ತಿ ದೊಡ್ಡದಾಗಿದೆ. ಬೇಸ್ ಮುಟ್ಟಿದನಾ, ಟ್ಯಾಗ್ ತಾಗಿತಾ, ಚೆಂಡು ಮೊದಲಾ ಕಾಲು ಮೊದಲಾ, ಇದೆಲ್ಲ ನ್ಯೂಯಾರ್ಕ್‌ನಲ್ಲಿ ಕೂತು ನೋಡುತ್ತಾರೆ. ಹೋಮ್ ಪ್ಲೇಟ್ ಡಿಕ್ಕಿ, ಎರಡನೇ ಬೇಸ್‌ನ ಸ್ಲೈಡ್ (ನೆಲದ ಮೇಲೆ ಜಾರಿ ಬೇಸ್ ಮುಟ್ಟೋದು), ಇವೂ ಸೇರಿವೆ. ಟರ್ನರ್ ತರಹದ ತೀರ್ಪು ಆಗ ರೀಪ್ಲೇಗೆ ಒಳಪಡುತ್ತಿರಲಿಲ್ಲ. ನ್ಯಾಷನಲ್ಸ್ ಮ್ಯಾನೇಜರ್ ಡೇವ್ ಮಾರ್ಟಿನೆಜ್ ಕೂಗಾಡಿ ಆ ಇನ್ನಿಂಗ್ ಅರ್ಧದಲ್ಲೇ ಹೊರಗೆ ಹೋಗಬೇಕಾಯಿತು. ಮನಸ್ಸಿನಲ್ಲಿ ಏನಿತ್ತು, ಅಡ್ಡಿ ಇಲ್ಲದಿದ್ದರೆ ಏನಾಗುತ್ತಿತ್ತು, ಇವಕ್ಕೆ ಕ್ಯಾಮೆರಾ ಉತ್ತರ ಕೊಡಲ್ಲ. ನಿಧಾನ ಮಾಡಿ ತೋರಿಸಿದರೆ ಎಲ್ಲವೂ ಬೇಕಂತ ಮಾಡಿದ ಹಾಗೆಯೇ ಕಾಣುತ್ತೆ. ಜ್ಯಾಕ್ಸನ್ ಸೊಂಟವನ್ನು ಪೂರ್ತಿ ವೇಗದಲ್ಲಿ ಒಮ್ಮೆ ನೋಡಿ, ಆಮೇಲೆ ನಿಧಾನದಲ್ಲಿ ನೋಡಿ.

ಮೂರನೇ_ಬೇಸ್_ಅಕ್ಕ

ಡಿಕ್ಕಿ ಅಂದಿರಿ, ಆ ನಿಯಮಗಳು ಬಂದಿದ್ದೇ ಕಾಲು ಮುರಿದ ಮೇಲೆ. 2011ರ ಮೇನಲ್ಲಿ ಜೈಂಟ್ಸ್ ಕ್ಯಾಚರ್ ಬಸ್ಟರ್ ಪೋಸಿಗೆ ಮಾರ್ಲಿನ್ಸ್‌ನ ಸ್ಕಾಟ್ ಕಸಿನ್ಸ್ ಗುದ್ದಿದ. ಪೋಸಿ ಆ ಸೀಸನ್ ಮತ್ತೆ ಆಡಲಿಲ್ಲ. 2014ರಲ್ಲಿ ಹೋಮ್ ಪ್ಲೇಟ್ ನಿಯಮ ಬಂತು. ಕ್ಯಾಚರ್‌ಗೆ ಗುದ್ದೋಕೆ ಅಂತ ರನ್ನರ್ ದಾರಿ ಬಿಟ್ಟು ಹೋಗುವ ಹಾಗಿಲ್ಲ, ಕೈಯಲ್ಲಿ ಚೆಂಡಿಲ್ಲದೆ ಕ್ಯಾಚರ್ ದಾರಿ ಮುಚ್ಚುವ ಹಾಗಿಲ್ಲ. 2015ರ ಅಕ್ಟೋಬರ್‌ನಲ್ಲಿ ಡಾಡ್ಜರ್ಸ್‌ನ ಚೇಸ್ ಅಟ್ಲಿ ಎರಡನೇ ಬೇಸ್‌ನಲ್ಲಿ ಮೆಟ್ಸ್‌ನ ರೂಬೆನ್ ತೆಹಾಡಾ ಕಾಲು ಮುರಿದ. 2016ರಲ್ಲಿ ಸ್ಲೈಡ್ ನಿಯಮ ಬಂತು. ಬೇಸ್ ತಲುಪುವ ಮೊದಲೇ ನೆಲ ಮುಟ್ಟಬೇಕು, ಕೈಯೋ ಕಾಲೋ ಬೇಸ್‌ಗೆ ಎಟುಕಬೇಕು, ಬೇಸ್ ಮೇಲೇ ನಿಲ್ಲೋಕೆ ಪ್ರಯತ್ನಿಸಬೇಕು, ಫೀಲ್ಡರ್‌ಗೆ ತಾಗಿಸೋಕೆ ದಾರಿ ಬದಲಿಸಬಾರದು.

ನಮ್ಮ ಮಕ್ಕಳ ಲೀಗ್‌ನಲ್ಲಿ ಇದಕ್ಕಿಂತ ಬಿಗಿ. ಚೆಂಡು ಹಿಡಿದು ಕಾಯುತ್ತಿರುವ ಫೀಲ್ಡರ್ ಎದುರಿದ್ದರೆ ಸ್ಲೈಡ್ ಮಾಡಬೇಕು ಅಥವಾ ಸುತ್ತಿಕೊಂಡು ಹೋಗೋಕೆ ನೋಡಬೇಕು. "ಸ್ಲೈಡ್ ಮಾಡಲೇಬೇಕು" ಅಂತ ಪೋಷಕರು ಕೂಗುತ್ತಾರೆ, ಆದರೆ ಸುತ್ತಿಕೊಂಡು ಹೋದರೂ ನಡೆಯುತ್ತೆ. ಚಿಕ್ಕವರು ಮುಂದಿನ ಬೇಸ್‌ಗೆ ತಲೆ ಮುಂದೆ ಮಾಡಿ ಸ್ಲೈಡ್ ಮಾಡಿದರೆ ಔಟ್. ಎಡಿಸನ್ ಅಪ್ಪನವರೇ, ಇದನ್ನು ಮಗನಿಗೆ ಮೊದಲು ಹೇಳಿಕೊಡಿ. ಟಿವಿಯಲ್ಲಿ ನೋಡಿದ್ದನ್ನೇ ಮಕ್ಕಳು ಮಾಡೋದು.

ಎಡಿಸನ್_ಅಪ್ಪ

ಖಂಡಿತ ಹೇಳುತ್ತೇನೆ ಅಕ್ಕ. ಇನ್ನೊಂದು ಅನುಮಾನ. ಮೊನ್ನೆ ಒಬ್ಬ ಹುಡುಗ ಎರಡನೇ ಬೇಸ್ ಮುಟ್ಟದೆ ಹಾಗೇ ಮೂರನೇ ಬೇಸ್‌ಗೆ ಹೋದ. ಅಂಪೈರ್ ಅಲ್ಲೇ ನಿಂತಿದ್ದರು, ಸುಮ್ನೆ ಇದ್ದರು. ಯಾಕೆ?

ಹಳೇ_ಸ್ಕೋರ್‌ಬುಕ್

ಕ್ರಿಕೆಟ್ ಗೊತ್ತಿರುವವರಿಗೆ ಇದು ಸುಲಭ. ಕ್ರಿಕೆಟ್‌ನಲ್ಲಿ ಅಪೀಲ್ ಮಾಡದೆ ಅಂಪೈರ್ ಔಟ್ ಕೊಡುವ ಹಾಗಿಲ್ಲ ಅಲ್ವಾ? ಬೇಸ್ ತಪ್ಪಿಸಿದ್ದಕ್ಕೂ, ಕ್ಯಾಚ್ ಆಗುವ ಮುಂಚೆ ಬೇಸ್ ಬಿಟ್ಟಿದ್ದಕ್ಕೂ ಇಲ್ಲಿ ಅದೇ ಪದ್ಧತಿ. ಪಿಚರ್ ಮುಂದಿನ ಚೆಂಡು ಹಾಕುವ ಮುಂಚೆ ಫೀಲ್ಡರ್ ಚೆಂಡು ಹಿಡಿದು ಆ ಬೇಸ್ ಮುಟ್ಟಿಯೋ, ರನ್ನರ್‌ನನ್ನು ಟ್ಯಾಗ್ ಮಾಡಿಯೋ ಅಪೀಲ್ ಮಾಡಬೇಕು. ಅಲ್ಲಿಯವರೆಗೆ ಅಂಪೈರ್ ಮುಖದಲ್ಲೂ ಏನೂ ತೋರಿಸಬಾರದು. ಹೋಮ್ ಪ್ಲೇಟ್‌ನಲ್ಲಿ ರನ್ನರ್ ಪ್ಲೇಟ್ ಮುಟ್ಟಿಲ್ಲ, ಕ್ಯಾಚರ್ ಟ್ಯಾಗ್ ಮಾಡಿಲ್ಲ ಅಂದರೆ ಅಂಪೈರ್ ಸೇಫ್ ಅನ್ನಲ್ಲ, ಔಟ್ ಅನ್ನಲ್ಲ. ಆ ಮೌನವೇ ಸುಳಿವು, ಚುರುಕಾದ ಕ್ಯಾಚರ್ ಅದನ್ನು ಓದಿಬಿಡುತ್ತಾನೆ.

ಅಪೀಲ್ ಮರೆತರೆ ಏನಾಗುತ್ತೆ ಅನ್ನೋದಕ್ಕೆ 2009ರ ಏಪ್ರಿಲ್ 12, ಡಾಡ್ಜರ್ಸ್ ಮತ್ತು ಡೈಮಂಡ್‌ಬ್ಯಾಕ್ಸ್. ಒಬ್ಬ ಔಟ್ ಆಗಿದ್ದಾನೆ, ಆಂಡ್ರೆ ಎಥಿಯರ್ ಮೂರನೇ ಬೇಸ್, ಹ್ವಾನ್ ಪಿಯೆರ್ ಎರಡನೇ ಬೇಸ್. ರ್‍ಯಾಂಡಿ ವುಲ್ಫ್ ಹೊಡೆದ ಚೆಂಡನ್ನು ಪಿಚರ್ ಡ್ಯಾನ್ ಹ್ಯಾರನ್ ನೇರವಾಗಿ ಕ್ಯಾಚ್ ಹಿಡಿದು ಎರಡನೇ ಬೇಸ್‌ಗೆ ಎಸೆದ. ಅಲ್ಲಿ ಪಿಯೆರ್‌ಗೆ ಟ್ಯಾಗ್, ಮೂರು ಔಟ್. ಡೈಮಂಡ್‌ಬ್ಯಾಕ್ಸ್ ಮೈದಾನ ಬಿಟ್ಟು ಹೊರಟರು. ಆದರೆ ಆ ಟ್ಯಾಗ್ ಆಗುವ ಮುಂಚೆಯೇ ಎಥಿಯರ್ ಹೋಮ್ ಮುಟ್ಟಿದ್ದ. ಕ್ಯಾಚ್ ಆದಾಗ ಅವನು ಮೂರನೇ ಬೇಸ್‌ಗೆ ವಾಪಸ್ ಹೋಗಿ ಮುಟ್ಟಬೇಕಿತ್ತು, ಮುಟ್ಟಿರಲಿಲ್ಲ. ಮೂರನೇ ಬೇಸ್‌ಗೆ ಚೆಂಡು ತಂದು ಅಪೀಲ್ ಮಾಡಿದ್ದರೆ ನಾಲ್ಕನೇ ಔಟ್ ಅಂತ ಪರಿಗಣಿಸಿ ರನ್ ರದ್ದು ಮಾಡುತ್ತಿದ್ದರು. ಯಾರೂ ಕೇಳಲಿಲ್ಲ. ಡಾಡ್ಜರ್ಸ್ ಬೆಂಚ್‌ನವರು ನಿಯಮ ತೋರಿಸಿದರು, ರನ್ ಲೆಕ್ಕಕ್ಕೆ ಬಂತು.

ಮೂರು ಔಟ್ ಆದಮೇಲೂ ನಾಲ್ಕನೇ ಔಟ್ ಬೇಕಾಗಬಹುದು ಅನ್ನೋದು ನನಗೆ ಈ ಆಟದಲ್ಲಿ ತುಂಬಾ ಇಷ್ಟವಾದ ಸಂಗತಿ.

ಹೂಸ್ಟನ್_ಹುಡುಗ

1908ರ ಮರ್ಕಲ್ ಕಥೆಯೂ ಇದೇ ಅಲ್ವಾ ಸರ್?

ಹಳೇ_ಸ್ಕೋರ್‌ಬುಕ್

ಹತ್ತಿರದ್ದು, ಆದರೆ ಅದು ಅಪೀಲ್ ಅಲ್ಲ, ಫೋರ್ಸ್ ಔಟ್ (ಹಿಂದಿನಿಂದ ಬರುವವನಿಗೆ ಜಾಗ ಬಿಟ್ಟು ಮುಂದಿನ ಬೇಸ್‌ಗೆ ಹೋಗಲೇಬೇಕಾದ ರನ್ನರ್‌ನನ್ನು, ಚೆಂಡು ಹಿಡಿದು ಆ ಬೇಸ್ ಮೆಟ್ಟಿ ಔಟ್ ಮಾಡೋದು). ಹೇಳಿಬಿಡುತ್ತೇನೆ, ಅಂಪೈರ್ ಬಗ್ಗೆ ಮಾತಾಡುವಾಗ ಹ್ಯಾಂಕ್ ಓ'ಡೇ ಹೆಸರು ಬರಲೇಬೇಕು.

ಆ ಕಾಲದಲ್ಲಿ 9ನೇ ಇನ್ನಿಂಗ್‌ನಲ್ಲಿ ಗೆಲುವಿನ ರನ್ ಬಂದ ತಕ್ಷಣ ಜನ ಮೈದಾನಕ್ಕೆ ನುಗ್ಗುತ್ತಿದ್ದರು. ಉಳಿದ ರನ್ನರ್‌ಗಳು ಮುಂದಿನ ಬೇಸ್ ಮುಟ್ಟುವ ಗೋಜಿಗೆ ಹೋಗದೆ ಡ್ರೆಸ್ಸಿಂಗ್ ರೂಮಿಗೆ ಓಡುತ್ತಿದ್ದರು. ಎಲ್ಲರೂ ಒಪ್ಪಿಕೊಂಡ ರೂಢಿ. ಆದರೆ ನಿಯಮದಲ್ಲಿ, ಮೂರನೇ ಔಟ್ ಫೋರ್ಸ್ ಔಟ್ ಆದರೆ ರನ್ ಇಲ್ಲ. ಚಿಕಾಗೋ ಕಬ್ಸ್‌ನ ಜಾನಿ ಎವರ್ಸ್ ಇದನ್ನು ಚೆನ್ನಾಗಿ ಓದಿಕೊಂಡಿದ್ದ. 1908ರ ಸೆಪ್ಟೆಂಬರ್ 4ರಂದು ಪಿಟ್ಸ್‌ಬರ್ಗ್‌ನಲ್ಲಿ ವಾರೆನ್ ಗಿಲ್ ಅನ್ನೋ ರನ್ನರ್ ಎರಡನೇ ಬೇಸ್ ಮುಟ್ಟದೆ ಹೋದಾಗ ಎವರ್ಸ್ ಚೆಂಡು ಹಿಡಿದು ಬೇಸ್ ಮೆಟ್ಟಿ ಔಟ್ ಕೇಳಿದ. ಅಂಪೈರ್ ಓ'ಡೇ ಕೊಡಲಿಲ್ಲ. ಅವರು ನೋಡಿರಲಿಲ್ಲ, ನೋಡದ್ದಕ್ಕೆ ಔಟ್ ಕೊಡೋದು ಹೇಗೆ?

ಮೂರು ವಾರ ಕಳೀಲಿಲ್ಲ. ಸೆಪ್ಟೆಂಬರ್ 23, ನ್ಯೂಯಾರ್ಕ್‌ನ ಪೋಲೋ ಗ್ರೌಂಡ್ಸ್, ಜೈಂಟ್ಸ್ ಮತ್ತು ಕಬ್ಸ್ 1-1. ಕೊನೆಯ ಇನ್ನಿಂಗ್, ಎರಡು ಔಟ್. ಮೊದಲ ಬೇಸ್‌ನಲ್ಲಿ ಜೈಂಟ್ಸ್‌ನ 19 ವರ್ಷದ ಫ್ರೆಡ್ ಮರ್ಕಲ್. ಅಲ್ ಬ್ರಿಡ್ವೆಲ್ ಸಿಂಗಲ್ ಹೊಡೆದ, ಮೂರನೇ ಬೇಸ್‌ನಿಂದ ಮೆಕಾರ್ಮಿಕ್ ಬಂದು ಹೋಮ್ ಮುಟ್ಟಿದ. ಜನ ನುಗ್ಗಿದರು. ಮರ್ಕಲ್ ಎಲ್ಲರಂತೆ ದಾರಿಯಿಂದಲೇ ತಿರುಗಿದ. ಎವರ್ಸ್ ಚೆಂಡು ತರಿಸಿಕೊಂಡು ಎರಡನೇ ಬೇಸ್ ಮೆಟ್ಟಿದ. ಅದು ಅದೇ ಚೆಂಡಾ ಅನ್ನೋ ವಾದ ಇವತ್ತಿಗೂ ಮುಗಿದಿಲ್ಲ. ಅಂಪೈರ್ ಮತ್ತೆ ಓ'ಡೇನೇ. ಈ ಸಲ ಔಟ್ ಕೊಟ್ಟರು. ರನ್ ಇಲ್ಲ, ಪಂದ್ಯ ಟೈ. ಸೀಸನ್ ಕೊನೆಗೆ ಎರಡೂ ತಂಡ ಸಮ ಸಮ ಬಂದವು. ಅಕ್ಟೋಬರ್ 8ರಂದು ಮತ್ತೆ ಆಡಿಸಿದರು, ಕಬ್ಸ್ 4-2ಕ್ಕೆ ಗೆದ್ದರು. ಆ ವರ್ಷದ ವರ್ಲ್ಡ್ ಸೀರೀಸ್ ಕೂಡ ಅವರದ್ದೇ.

ತಾನೇ ಹುಟ್ಟುಹಾಕದ ರೂಢಿಯೊಂದನ್ನು ಪಾಲಿಸಿದ್ದಕ್ಕೆ ಆ ಹುಡುಗ ಜೀವನಪೂರ್ತಿ ಬೈಸಿಕೊಂಡ. ನನಗೆ ಮರ್ಕಲ್ ಬಗ್ಗೆ ಮರುಕ ಇದೆ. ಆದರೂ ಓ'ಡೇ ಮಾಡಿದ್ದೇ ಸರಿ. ಪಿಟ್ಸ್‌ಬರ್ಗ್‌ನಲ್ಲಿ ನೋಡಿರಲಿಲ್ಲ, ಕೊಡಲಿಲ್ಲ. ನ್ಯೂಯಾರ್ಕ್‌ನಲ್ಲಿ ಏನು ನೋಡಬೇಕು ಅಂತ ಮೊದಲೇ ಗೊತ್ತಿತ್ತು, ಕೊಟ್ಟರು.

ಬಾಸ್ಟನ್_ಚಳಿ

ಹಳೇದರ ಮಧ್ಯೆ ಹೊಸದೊಂದು. 2021ರ ಮೇ 27, ಪಿಟ್ಸ್‌ಬರ್ಗ್, ಕಬ್ಸ್ ಬ್ಯಾಟರ್ ಹಾವಿಯರ್ ಬಯೆಜ್. ಎರಡು ಔಟ್, ಎರಡನೇ ಬೇಸ್‌ನಿಂದ ವಿಲ್ಸನ್ ಕಾಂಟ್ರೆರಾಸ್ ಓಡುತ್ತಿದ್ದಾನೆ. ಮೊದಲ ಬೇಸ್ ಫೀಲ್ಡರ್ ವಿಲ್ ಕ್ರೇಗ್ ಕೈಯಲ್ಲಿ ಚೆಂಡು. ಬಯೆಜ್ ನಿಂತು, ತಿರುಗಿ, ಹೋಮ್ ಕಡೆ ವಾಪಸ್ ಓಡಿದ! ಕ್ರೇಗ್ ಅವನ ಹಿಂದೆ ಓಡಿದ. ಆ ಗಲಿಬಿಲಿಯಲ್ಲಿ ಕಾಂಟ್ರೆರಾಸ್ ರನ್ ಮಾಡಿದ, ಬಯೆಜ್ ಮೊದಲ ಬೇಸ್ ಮುಟ್ಟಿ ಎರಡನೇ ಬೇಸ್‌ಗೂ ಹೋದ. ಹಿಂದಕ್ಕೆ ಓಡೋಕೆ ಬಿಡುತ್ತಾರಾ?

ಪ್ಲೇಟ್_ಹಿಂದೆ

ಬಿಡುತ್ತಾರೆ. ಹೋಮ್ ಪ್ಲೇಟ್ ತಲುಪಿದ್ದರೆ ಔಟ್, ಟ್ಯಾಗ್ ತಪ್ಪಿಸೋಕೆ 3 ಅಡಿ ಪಕ್ಕಕ್ಕೆ ಹೋಗಿದ್ದರೂ ಔಟ್. ಅವನು ಎರಡನ್ನೂ ಮಾಡಲಿಲ್ಲ. ಕ್ರೇಗ್ ಸುಮ್ಮನೆ ಹಿಂದೆ ಹೋಗಿ ಮೊದಲ ಬೇಸ್ ಮೆಟ್ಟಿದ್ದರೆ ಮೂರನೇ ಔಟ್. ಬ್ಯಾಟರ್ ಮೊದಲ ಬೇಸ್ ಮುಟ್ಟುವ ಮುಂಚೆ ಮೂರನೇ ಔಟ್ ಆದರೆ ಕಾಂಟ್ರೆರಾಸ್ ಮುಟ್ಟಿದ್ದ ರನ್ನೂ ಇಲ್ಲ.

ಎಡಿಸನ್_ಅಪ್ಪ

ಮೊದಲ ಬೇಸ್ ದಾಟಿ ಓಡಿದಾಗ ಬಲಕ್ಕೇ ತಿರುಗಬೇಕು, ಎಡಕ್ಕೆ ತಿರುಗಿದರೆ ಟ್ಯಾಗ್ ಮಾಡಿ ಔಟ್ ಮಾಡಬಹುದು ಅಂತಾರಲ್ಲ?

ಪ್ಲೇಟ್_ಹಿಂದೆ

ಇಲ್ಲ. ಯಾವ ಕಡೆ ಬೇಕಾದರೂ ತಿರುಗಬಹುದು. ತಕ್ಷಣ ವಾಪಸ್ ಬರಬೇಕು, ಎರಡನೇ ಬೇಸ್‌ಗೆ ಹೋಗುವ ಪ್ರಯತ್ನ ಮಾಡಬಾರದು, ಅಷ್ಟೇ. ಒಂದು ಹೆಜ್ಜೆ ಎರಡನೇ ಬೇಸ್ ಕಡೆ ಚುರುಕಾಗಿ ಹಾಕಿದರೂ ಕೆಲವರು ಅದನ್ನು ಪ್ರಯತ್ನ ಅಂತಾರೆ. ನಾನು ಭುಜ ನೋಡುತ್ತೇನೆ. ಭುಜ ಬಗ್ಗಿ ಹೊರಟರೆ ಪ್ರಯತ್ನ.

ಮೊದಲ ಬೇಸ್ ಅಂದಾಗ ಇನ್ನೊಂದು ಮಾತು. "ಸಮ ಆದರೆ ರನ್ನರ್‌ಗೆ" ಅಂತ ದಿನಾ ಕೇಳುತ್ತೇವೆ. ರನ್ನರ್ ಮುಟ್ಟುವ ಮುಂಚೆ ಬೇಸ್‌ಗೆ ಚೆಂಡು ಬಂದಿದ್ದರೆ ಔಟ್ ಅಂತ ಮಾತ್ರ ನಿಯಮದಲ್ಲಿದೆ. ಅಂಪೈರ್ 15-18 ಅಡಿ ದೂರದಲ್ಲಿ, ಥ್ರೋ ಬರುವ ದಿಕ್ಕಿಗೆ ಅಡ್ಡಲಾಗಿ ನಿಲ್ಲುತ್ತಾರೆ. ಕಣ್ಣು ಬ್ಯಾಗಿನ ಅಂಚಿನ ಮೇಲೆ, ಕಿವಿ ಗ್ಲೌಸ್ ಕಡೆ. ಚೆಂಡು ಗ್ಲೌಸ್‌ಗೆ ಬಡಿದ ಸದ್ದು ಮೊದಲು ಬಂತಾ, ಕಾಲು ಬ್ಯಾಗ್ ಮೆಟ್ಟಿದ್ದು ಮೊದಲು ಕಂಡಿತಾ? ಕಣ್ಣಿಗೂ ಕಿವಿಗೂ ಬೇರೆ ಬೇರೆ ಕೆಲಸ ಕೊಟ್ಟರೆ ಮಾತ್ರ ಇದು ಸಾಧ್ಯ. ಚೆಂಡನ್ನು ಕಣ್ಣಿನಿಂದ ಹಿಂಬಾಲಿಸಿದರೆ ಕಾಲು ತಪ್ಪಿಹೋಗುತ್ತೆ.

ಮೂರನೇ_ಬೇಸ್_ಅಕ್ಕ

ನನ್ನದೂ ಒಂದು ಪ್ರಶ್ನೆ. ಔಟ್‌ಫೀಲ್ಡ್‌ಗೆ ಎತ್ತರದ ಚೆಂಡು ಹೋದಾಗ "ಕ್ಯಾಚ್ ಆದ ಮೇಲೆ ಓಡು" ಅಂತ ಮಕ್ಕಳಿಗೆ ಹೇಳುತ್ತೇವೆ. ಚೆಂಡು ಒಬ್ಬನ ಗ್ಲೌಸ್‌ಗೆ ತಾಗಿ ಚಿಮ್ಮಿ, ಇನ್ನೊಬ್ಬ ಹಿಡಿದರೆ? ನಮ್ಮ ಹುಡುಗಿ ಮೊದಲನೇ ತಾಗುವಿಕೆಗೇ ಮೂರನೇ ಬೇಸ್ ಬಿಟ್ಟಳು. ಎದುರು ಕೋಚ್ ಅಪೀಲ್ ಮಾಡಿದರು, ಅಂಪೈರ್ ಸೇಫ್ ಕೊಟ್ಟರು. ಅವರು ತುಂಬಾ ಸಿಟ್ಟಾದರು.

ಪ್ಲೇಟ್_ಹಿಂದೆ

ನಿಮ್ಮ ಹುಡುಗಿ ಮಾಡಿದ್ದು ಪಕ್ಕಾ ಸರಿ. ಮೊದಲ ಫೀಲ್ಡರ್‌ಗೆ ಚೆಂಡು ತಾಗಿದ ಕ್ಷಣದಲ್ಲೇ ಬೇಸ್ ಬಿಡಬಹುದು. ಇಲ್ಲದಿದ್ದರೆ ಫೀಲ್ಡರ್ ಚೆಂಡನ್ನು ಕೈಯಲ್ಲಿ ಪುಟಿಸುತ್ತಾ ಇನ್‌ಫೀಲ್ಡ್ ತನಕ ಓಡಿ ಬಂದು ಆಮೇಲೆ ಹಿಡಿಯಬಹುದಿತ್ತು, ರನ್ನರ್ ಪಾಪ ಬೇಸ್ ಮೇಲೇ ಕಾಯಬೇಕಿತ್ತು. ಇನ್ನು ಮೇಲೆ ಮಕ್ಕಳಿಗೆ "ತಾಗಿದಾಗ ಓಡು" ಅಂತ ಹೇಳಿಕೊಡಿ.

ಮೂರನೇ ಬೇಸ್ ರನ್ನರ್ ಇದ್ದಾಗ ಇದನ್ನು ನೋಡೋದು ಪ್ಲೇಟ್ ಅಂಪೈರ್ ಕೆಲಸ. ಚೆಂಡು ಮೇಲೆ ಹೋದ ತಕ್ಷಣ ಮುಖವಾಡ ತೆಗೆದು, ರನ್ನರ್ ಕಾಲು ಮತ್ತು ದೂರದ ಗ್ಲೌಸ್ ಎರಡೂ ಒಂದೇ ನೋಟಕ್ಕೆ ಸಿಗುವ ಜಾಗಕ್ಕೆ ಸರಿಯಬೇಕು. ಬಲ ಮೈದಾನಕ್ಕೆ ಹೋದರೆ ಒಂದು ಕಡೆ, ಎಡ ಮೈದಾನಕ್ಕೆ ಹೋದರೆ ಇನ್ನೊಂದು ಕಡೆ. ಮುಂದಿನ ಪಂದ್ಯದಲ್ಲಿ ಚೆಂಡು ಬಿಟ್ಟು ಪ್ಲೇಟ್ ಅಂಪೈರ್‌ನನ್ನೇ ನೋಡಿ. ಅವರು ಯಾವ ಕಡೆ ಸರಿದರು ಅನ್ನೋದರಲ್ಲೇ ಏನು ನೋಡೋಕೆ ಹೊರಟಿದ್ದಾರೆ ಅಂತ ತಿಳಿದುಬಿಡುತ್ತೆ.